ಬೆಕ್ಕಿನ ಫೋಟೋ ತೆಗೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ವಿಜಯಪುರದವಳು. ಮದುವೆ, ಕುಬಸ, ತೊಟ್ಟಿಲ ಕಾರ್ಯಕ್ರಮದ ಫೋಟೋ ತೆಗೆಯುವುದು ನನ್ನ ದುಡಿಮೆ. ಬಿಡುವಿದ್ದಾಗ ಮನೆಮನೆಯ ಬೆಕ್ಕುಗಳ ಫೋಟೋ ತೆಗೆಯುತ್ತೇನೆ. ಹನ್ನೆರಡು ವರ್ಷದಿಂದ ಇದು ನಡೆದಿದೆ. ಬಾಗಲಕೋಟೆ, ಬೆಳಗಾವಿ ಕಡೆಯಿಂದಲೂ ಫೋನ್ ಬರುತ್ತವೆ. "ಅಕ್ಕಾರ, ನಮ್ಮ ಬೆಕ್ಕ ಒಂದ್ ಕಡೆ ನಿಲ್ಲಂಗಿಲ್ರಿ, ಏನ್ ಮಾಡ್ಲಿ?" ಹೀಗೆ ಶುರುವಾಗುವ ಮಾತು ಅರ್ಧ ತಾಸಾದರೂ ಮುಗಿಯುವುದಿಲ್ಲ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು. ಅದಕ್ಕೇ ಎಲ್ಲವನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ನಮ್ಮ ಬೆಕ್ಕು ಇಡೀ ದಿನ ಮುದ್ದಾಗಿ ಕೂತಿರುತ್ತದೆ. ಫೋನ್ ಎತ್ತಿದ ಕೂಡಲೇ ಎದ್ದು ಹೋಗುತ್ತದೆ. ಯಾಕೆ?

ಯಾಕೆಂದರೆ ಆ ಹೊತ್ತಿಗೆ ನೀವು ಬೇರೆಯವರಾಗಿರುತ್ತೀರಿ. ಒಮ್ಮೆ ನಿಮ್ಮನ್ನೇ ಗಮನಿಸಿ ನೋಡಿ. ಫೋಟೋ ತೆಗೆಯಬೇಕು ಅನ್ನಿಸಿದ ಕೂಡಲೇ ಮೈ ಬಗ್ಗುತ್ತದೆ. ಉಸಿರು ಬಿಗಿಯಾಗುತ್ತದೆ. ಕಳ್ಳಹೆಜ್ಜೆ ಇಡುತ್ತೀರಿ. ಕಣ್ಣು ಬೆಕ್ಕಿನ ಮೇಲಿಂದ ಕದಲುವುದಿಲ್ಲ. ಇಲಿ ಹಿಡಿಯುವಾಗ ಬೆಕ್ಕು ಮಾಡುವುದೂ ಇದನ್ನೇ ಅಲ್ವಾ? ಹೀಗೆ ಬರುವವರ ಮನಸ್ಸಿನಲ್ಲಿ ಏನಿರುತ್ತದೆ ಎಂದು ಬೆಕ್ಕಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದು ಎದ್ದು ಹೋಗುವುದು ಸರಿಯಾಗಿಯೇ ಇದೆ.

ಇನ್ನೊಂದು ಕಾರಣವಿದೆ. ಬೆಕ್ಕುಗಳ ನಡುವೆ ಎವೆಯಿಕ್ಕದೆ ದಿಟ್ಟಿಸುವುದೆಂದರೆ ಜಗಳಕ್ಕೆ ಕರೆದ ಹಾಗೆ. ಕ್ಯಾಮೆರಾದ ಲೆನ್ಸ್ ಅದಕ್ಕೆ ದೊಡ್ಡ ದುಂಡು ಕಣ್ಣಿನಂತೆ ಕಾಣುತ್ತಿರಬಹುದು ಎಂದು ನನಗೆ ಅನ್ನಿಸುತ್ತದೆ. ಜೊತೆಗೆ ನಾವು ಫೋನನ್ನು ಅದರ ಮೂಗಿನ ತನಕ ಒಯ್ಯುತ್ತೇವೆ. ಸುಮಾರು 25 ಸೆಂಟಿಮೀಟರ್‌ಗಿಂತ ಹತ್ತಿರದ ವಸ್ತು ಬೆಕ್ಕಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಅಷ್ಟು ಹತ್ತಿರದ್ದನ್ನು ಅದು ಮೀಸೆಯಿಂದ, ಮೂಗಿನಿಂದ ತಿಳಿಯುತ್ತದೆ. ಮುಖದ ಮುಂದೆ ಏನೋ ಮಸುಕು ಮಸುಕಾದದ್ದು ಬಂದು ನಿಂತರೆ ಯಾರಿಗಾದರೂ ಗಾಬರಿಯೇ.

ನಾನು ಮಾಡುವುದು ಇಷ್ಟು. ಹೊಸ ಮನೆಗೆ ಹೋದರೆ ಕ್ಯಾಮೆರಾವನ್ನು ಮೊದಲು ನೆಲದ ಮೇಲೆ ಇಡುತ್ತೇನೆ. ನಾನೂ ನೆಲದ ಮೇಲೆ ಕೂರುತ್ತೇನೆ. ಬೆಕ್ಕಿಗೆ ಎದುರಾಗಿ ಅಲ್ಲ, ಓರೆಯಾಗಿ. ಮನೆಯವರ ಜೊತೆ ಚಹಾ ಕುಡಿಯುತ್ತಾ ಮಾತಾಡುತ್ತಿರುತ್ತೇನೆ. ಸ್ವಲ್ಪ ಹೊತ್ತಿಗೆ ಬೆಕ್ಕು ತಾನಾಗಿ ಬಂದು ಕ್ಯಾಮೆರಾ ಮೂಸುತ್ತದೆ. ಮನಸ್ಸಿಗೆ ಬಂದರೆ ಕೆನ್ನೆಯನ್ನು ಅದಕ್ಕೆ ಉಜ್ಜುತ್ತದೆ. ಬೆಕ್ಕಿನ ಕೆನ್ನೆಯಲ್ಲಿ ವಾಸನೆಯ ಗ್ರಂಥಿಗಳಿವೆ. ಉಜ್ಜಿದರೆ ಅದರ ವಾಸನೆ ವಸ್ತುವಿಗೆ ಅಂಟುತ್ತದೆ. ಅಲ್ಲಿಂದ ಮುಂದೆ ಕ್ಯಾಮೆರಾ ಹೊರಗಿನ ವಸ್ತು ಅಲ್ಲ, ಮನೆಯ ತಂಬಿಗೆ ಚರಿಗೆಯ ಹಾಗೆ ಅದೂ ಒಂದು. ನಾನು ಕ್ಯಾಮೆರಾ ಕೈಗೆತ್ತಿಕೊಳ್ಳುವುದು ಆಮೇಲೆ.

ಕ್ಯಾಮೆರಾದ ಬೀಪ್ ಸದ್ದನ್ನೂ ಆರಿಸಿಬಿಡಿ. ನಮ್ಮ ಕಿವಿಗೆ ಕೇಳುವುದು 20 ಸಾವಿರ ಹರ್ಟ್ಸ್ ತನಕ. ಬೆಕ್ಕಿನ ಕಿವಿ 60 ಸಾವಿರವನ್ನೂ ದಾಟುತ್ತದೆ. ನಮಗೆ ಸಣ್ಣದು ಅನ್ನಿಸುವ ಸದ್ದು ಅದಕ್ಕೆ ಸಣ್ಣದಲ್ಲ.

ಒಂದು ಫೋಟೋಗೆ ಇಷ್ಟು ಹೊತ್ತು ಬೇಕಾ? ಹೇಳಿ ಕೂರಿಸೋಕೆ ಆಗಲ್ವಾ?

ನಮ್ಮ ಭಾಗದಲ್ಲಿ ಸಾಕುಪ್ರಾಣಿ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಮುಧೋಳ ನಾಯಿ. 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಮುಧೋಳ ನಾಯಿಗೆ ನಿಲ್ಲು ಎಂದು ಕಲಿಸಿದರೆ ಕತ್ತು ನೀಟಾಗಿ ಎತ್ತಿ ನಿಲ್ಲುತ್ತದೆ. ಅದೇ ರೀತಿಯನ್ನು ಬೆಕ್ಕಿನಿಂದ ಕೇಳಬಾರದು. ಬೆಕ್ಕು ಮನುಷ್ಯರ ಜೊತೆ ಇರಲು ಬಂದದ್ದೇ ಕಾಳಿನ ಕಣಜದ ಇಲಿಗಳ ಸಲುವಾಗಿ, ತನ್ನ ಇಷ್ಟದಿಂದ. ಇವತ್ತಿಗೂ ಅದರ ಸ್ವಭಾವ ಅದೇ.

ನಮ್ಮ ಮನೆಯಲ್ಲಿ ಬೆಲ್ಲವ್ವ ಅಂತ ಇದ್ದಳು. ಬೆಲ್ಲದ ಬಣ್ಣದವಳು, ಅದಕ್ಕೇ ಆ ಹೆಸರು. ನಾನು ರೊಟ್ಟಿ ಬಡಿಯಲು ಕೂತರೆ ಒಲೆಯಿಂದ ಮಾರುದೂರದಲ್ಲಿ ಬಂದು ಕೂರುತ್ತಿದ್ದಳು. ರೊಟ್ಟಿ ಬಡಿಯುವ ಸದ್ದಿಗೆ ಅವಳ ಎರಡೂ ಕಿವಿ ಒಂದೊಂದು ದಿಕ್ಕಿಗೆ ತಿರುಗುತ್ತಿದ್ದವು. ಆ ಫೋಟೋ ನನಗೆ ಬೇಕಾಗಿತ್ತು. ರೊಟ್ಟಿ ಬಡಿಯುವವಳೂ ನಾನೇ, ಫೋಟೋ ತೆಗೆಯುವವಳೂ ನಾನೇ ಆದರೆ ಆಗುವುದಿಲ್ಲ. ನಮ್ಮ ಅತ್ತೆಯವರಿಗೆ ರೊಟ್ಟಿ ಬಡಿಯಲು ಹೇಳಿ ಬಾಗಿಲ ಪಕ್ಕ ಕೂತೆ. ಮೊದಲ ನಾಲ್ಕು ದಿನ ಬೆಲ್ಲವ್ವ ಬರಲೇ ಇಲ್ಲ. ಐದನೇ ದಿನ ಬಂದು ನನಗೆ ಬೆನ್ನು ತಿರುಗಿಸಿ ಕೂತಳು. ಒಂಬತ್ತನೇ ದಿನ ನಾನಿದ್ದದ್ದನ್ನು ಮರೆತಳು. ಕಿವಿ ಎರಡೂ ತಿರುಗಿದವು, ಮೂಗಿನ ಮೇಲೆ ಜೋಳದ ಹಿಟ್ಟಿನ ಪುಡಿ ಇತ್ತು. ಅವತ್ತು ತೆಗೆದದ್ದು ಮೂರೇ ಫೋಟೋ.

ಒಂಬತ್ತು ದಿನ ಎಲ್ಲರಿಗೂ ಬೇಕಿಲ್ಲ. ಆದರೆ ಬೆಕ್ಕನ್ನು ನಿಮಗೆ ಬೇಕಾದ ಜಾಗಕ್ಕೆ ಎತ್ತಿಕೊಂಡು ಹೋಗಬೇಡಿ. ಅದು ದಿನಾ ಯಾವ ಹೊತ್ತಿಗೆ ಎಲ್ಲಿ ಕೂರುತ್ತದೆ ನೋಡಿಕೊಳ್ಳಿ. ಬೆಕ್ಕಿನಷ್ಟು ಕರಾರುವಾಕ್ಕಾಗಿ ದಿನಚರಿ ಪಾಲಿಸುವವರು ಕಡಿಮೆ. ಅದು ಬರುವ ಮುಂಚೆ ನೀವು ಅಲ್ಲಿ ಹೋಗಿ ಕೂತಿರಿ.

ಸಾಕು ಅಂತ ಬೆಕ್ಕು ಹೇಗೆ ಹೇಳುತ್ತದೆ?

ಮೊದಲು ಬಾಲ. ಬಾಲ ನೆಟ್ಟಗೆ ಮೇಲಕ್ಕೆತ್ತಿ, ತುದಿ ಸ್ವಲ್ಪ ಬಾಗಿಸಿ ಬಂದರೆ ಖುಷಿಯಿಂದ ಮಾತಾಡಿಸುತ್ತಿದೆ ಎಂದರ್ಥ. ಕೂತಲ್ಲೇ ಬಾಲವನ್ನು ನೆಲಕ್ಕೆ ಪಟಪಟ ಬಡಿಯುತ್ತಿದ್ದರೆ ಬೇಜಾರು ಶುರುವಾಗಿದೆ. ನಾಯಿ ಬಾಲ ಆಡಿಸಿದ ಹಾಗೆ ಎಂದು ತಿಳಿದು ತುಂಬಾ ಜನ ಇಲ್ಲಿ ತಪ್ಪುತ್ತಾರೆ.

ಆಮೇಲೆ ಕಿವಿ. ಕಿವಿ ಪಕ್ಕಕ್ಕೆ ಚಪ್ಪಟೆಯಾಗುತ್ತಾ ಹಿಂದಕ್ಕೆ ಸರಿದರೆ ಕ್ಯಾಮೆರಾ ಕೆಳಗಿಡಿ. ಮೀಸೆ ಮುಂದಕ್ಕೆ ಬಾಗಿದ್ದರೆ ಕುತೂಹಲ. ಕೆನ್ನೆಗೆ ಅಂಟಿಕೊಂಡಿದ್ದರೆ ಅಂಜಿಕೆ. ಬೆನ್ನಿನ ಚರ್ಮ ಅಲೆಯ ಹಾಗೆ ನಡುಗುವುದು, ತಿನ್ನಲು ಏನೂ ಇಲ್ಲದೆ ಮೂಗು ತುಟಿ ನೆಕ್ಕಿಕೊಳ್ಳುವುದು, ಇದ್ದಕ್ಕಿದ್ದಂತೆ ಗಡಿಬಿಡಿಯಲ್ಲಿ ಮೈ ನೆಕ್ಕಲು ಶುರು ಮಾಡುವುದು, ಇವೆಲ್ಲ ಇರುಸುಮುರುಸಿನ ಗುರುತುಗಳು. ಹಗಲಿನ ಬೆಳಕಿನಲ್ಲೂ ಕಣ್ಣಿನ ಪಾಪೆ ದೊಡ್ಡದಾಗಿ ಅಗಲವಾಗಿದ್ದರೆ ಅದು ಆಟದ ಉಮೇದು ಇರಬಹುದು, ಭಯವೂ ಇರಬಹುದು. ಉಳಿದ ಮೈ ನೋಡಿ ನಿರ್ಧರಿಸಬೇಕು.

ಅಂಗಾತ ಬಿದ್ದು ಹೊಟ್ಟೆ ತೋರಿಸಿದರೆ ಮುಟ್ಟು ಎಂದು ಕರೆದಂತೆ ಅಲ್ಲ. ನಿನ್ನ ಮೇಲೆ ನಂಬಿಕೆ ಇದೆ ಎಂದಷ್ಟೇ. ದೂರದಿಂದ ಒಂದು ಫೋಟೋ ತೆಗೆದುಕೊಳ್ಳಿ, ಕೈ ಹಾಕಬೇಡಿ.

ಇನ್ನೊಂದು ಮಾತು ಒತ್ತಿ ಹೇಳುತ್ತೇನೆ. ಬೆಕ್ಕು ಎದ್ದು ಹೋದರೆ ಹಿಂದೆ ಹೋಗಬೇಡಿ. ಮಂಚದ ಕೆಳಗೆ, ಕಪಾಟಿನ ಹಿಂದೆ ಹೊಕ್ಕಿದ್ದರೆ ಅದು ಅದರ ಅಡಗುತಾಣ. ಅಲ್ಲಿಗೂ ಫೋನ್ ತೂರಿಸಿದರೆ ಮನೆಯಲ್ಲಿ ಅದಕ್ಕೆ ನೆಮ್ಮದಿಯ ಜಾಗವೇ ಇಲ್ಲದಂತಾಗುತ್ತದೆ. ಅಡಗಿ ಕೂತ ಬೆಕ್ಕಿನ ಫೋಟೋ ಎಷ್ಟೇ ಚಂದ ಬಂದರೂ ನಾನು ಯಾರಿಗೂ ಕೊಡುವುದಿಲ್ಲ. ಆ ಕಣ್ಣಲ್ಲಿ ಇರುವುದು ಭಯ.

ಕಣ್ಣು ನಿಧಾನವಾಗಿ ಮುಚ್ಚಿ ತೆಗೆದರೆ ಬೆಕ್ಕು ಹತ್ತಿರ ಬರುತ್ತದೆ ಅಂತಾರೆ. ನಿಜವಾ?

ನಿಜ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2020ರಲ್ಲಿ ಪ್ರಕಟಿಸಿದರು. ಜನ ಕಣ್ಣನ್ನು ಕಿರಿದು ಮಾಡಿ ನಿಧಾನವಾಗಿ ಮಿಟುಕಿಸಿದಾಗ ಬೆಕ್ಕುಗಳೂ ತಿರುಗಿ ಹಾಗೇ ಮಾಡಿದವು. ಪರಿಚಯವಿಲ್ಲದವರು ಹೀಗೆ ಮಾಡಿದರೂ ಅವರು ಚಾಚಿದ ಕೈಯ ಹತ್ತಿರ ಬರುವುದು ಜಾಸ್ತಿಯಾಯಿತು.

ಫೋಟೋಗೂ ಇದು ಒಳ್ಳೆಯದು. ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡರೆ ನಿಮ್ಮ ಕಣ್ಣು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಕ್ಯಾಮೆರಾವನ್ನು ಎದೆಯ ಮಟ್ಟಕ್ಕೆ ಇಳಿಸಿ, ಪರದೆಯಲ್ಲಿ ನೋಡುತ್ತಾ, ನಡುನಡುವೆ ಬೆಕ್ಕಿನ ಕಡೆ ಕಣ್ಣು ಮಿಟುಕಿಸಿ. ಅದು ತಿರುಗಿ ಮಿಟುಕಿಸುವಾಗ ಕಣ್ಣು ಅರ್ಧ ಮುಚ್ಚಿರುತ್ತದಲ್ಲ, ಅದಕ್ಕಿಂತ ಒಳ್ಳೆಯ ಮುಖಭಾವ ನನಗೆ ಗೊತ್ತಿಲ್ಲ.

ಮೊಬೈಲ್ ಸಾಕಾ, ದೊಡ್ಡ ಕ್ಯಾಮೆರಾ ಬೇಕಾ?

ಮೊಬೈಲ್ ಧಾರಾಳವಾಗಿ ಸಾಕು. ಮೊದಲು ಲೆನ್ಸ್ ಒರೆಸಿ. ಅಡುಗೆಮನೆಯ ಕೈ ತಾಗಿ ಎಣ್ಣೆ ಮೆತ್ತಿರುತ್ತದೆ, ಅದರಿಂದಲೇ ಅರ್ಧ ಫೋಟೋಗಳು ಮಬ್ಬಾಗುತ್ತವೆ. ಹತ್ತಿರ ಹೋಗುವ ಬದಲು ಎರಡು ಪಟ್ಟು ಜೂಮ್ ಇಟ್ಟುಕೊಂಡು ದೂರ ಕೂರಿ. ಹತ್ತಿರದಿಂದ ತೆಗೆದರೆ ಮೂಗು ದಪ್ಪಗೆ, ಕಿವಿ ಸಣ್ಣಗೆ ಬರುತ್ತದೆ. ಪರದೆಯ ಮೇಲೆ ಬೆಕ್ಕಿನ ಕಣ್ಣಿನ ಜಾಗವನ್ನು ಬೆರಳಿನಿಂದ ಒತ್ತಿ ಫೋಕಸ್ ಮಾಡಿ. ಫೋನನ್ನು ನೆಲದ ಮಟ್ಟಕ್ಕೆ ಇಳಿಸಿ. ನಿಂತು ಮೇಲಿಂದ ತೆಗೆದ ಫೋಟೋದಲ್ಲಿ ಬೆಕ್ಕು ಯಾವಾಗಲೂ ನಮ್ಮ ಕಾಲಬುಡದ ಪ್ರಾಣಿ. ಅದರ ಕಣ್ಣಿನ ಮಟ್ಟಕ್ಕೆ ಇಳಿದರೆ ಅದೇ ಬೆಕ್ಕು ಮನೆಯ ಯಜಮಾನನ ಹಾಗೆ ಕಾಣುತ್ತದೆ.

ದೊಡ್ಡ ಕ್ಯಾಮೆರಾ ಇದ್ದವರಿಗೆ 50 ಅಥವಾ 85 ಮಿಲಿಮೀಟರ್ ಲೆನ್ಸ್ ಒಳ್ಳೆಯದು. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಪೂರ್ತಿ ತೆರೆಯಬೇಡಿ. ಎಫ್ ಅಂಕಿ ಸಣ್ಣದಾದಷ್ಟೂ ಕಿಂಡಿ ದೊಡ್ಡದು. ಎಫ್ 1.8ರಲ್ಲಿ ಹತ್ತಿರದಿಂದ ತೆಗೆದರೆ ಕಣ್ಣು ಸ್ಪಷ್ಟ, ಮೂಗು ಮಬ್ಬು. ಎಫ್ 4ರ ಆಸುಪಾಸು ಇಡಿ. ಪ್ರಾಣಿಗಳ ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಮಾಡುವ ಸೌಲಭ್ಯ 2019ರಲ್ಲಿ ಸೋನಿ ಕ್ಯಾಮೆರಾಗಳಿಗೆ ಬಂತು, ಈಗ ಬೇರೆ ಕಂಪನಿಗಳಲ್ಲೂ ಇದೆ. ಇದ್ದರೆ ಬಳಸಿ. ಇಲ್ಲದಿದ್ದರೆ ಕೊರತೆಯೇನೂ ಇಲ್ಲ.

ಮನೆಯೊಳಗೆ ಬೆಳಕು ಸಾಲುವುದಿಲ್ಲ. ಏನು ಮಾಡಲಿ?

ನಿಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆಯಾ? ಹಾಗಿದ್ದರೆ ಸ್ಟುಡಿಯೋದವರಿಗೂ ಸಿಗದ ಬೆಳಕು ನಿಮ್ಮ ಮನೆಯಲ್ಲಿದೆ. ಬೆಳಕಿಂಡಿ!

ಬಿಸಿಲಿಗೆ ಅಂಜಿ ನಮ್ಮ ಹಿರಿಯರು ದಪ್ಪ ಗೋಡೆ ಕಟ್ಟಿದರು, ಕಿಟಕಿ ಕಡಿಮೆ ಇಟ್ಟರು. ಬೆಳಕಿಗೆ ಮಾತ್ರ ಮಾಳಿಗೆಯಲ್ಲಿ ಸಣ್ಣ ಕಿಂಡಿ ಬಿಟ್ಟರು. ಅಲ್ಲಿಂದ ಇಳಿಯುವ ಬೆಳಕು ಕತ್ತಲೆಯ ಕೋಣೆಯಲ್ಲಿ ಒಂದೇ ಕಡೆ ಬೀಳುತ್ತದೆ. ಸುತ್ತಲಿನ ಡಬ್ಬಿ, ಚೀಲ, ಹಗ್ಗದ ಮೇಲಿನ ಬಟ್ಟೆ ಎಲ್ಲ ಕತ್ತಲಲ್ಲಿ ಮುಳುಗುತ್ತವೆ. ಬೆಕ್ಕು ಒಂದೇ ಬೆಳಗುತ್ತದೆ. ಚಳಿಗಾಲದಲ್ಲಿ ಆ ಬಿಸಿಲಿನ ತುಣುಕು ನೆಲದ ಮೇಲೆ ಸರಿದಂತೆಲ್ಲ ಬೆಕ್ಕೂ ಅದರ ಜೊತೆ ಸರಿಯುತ್ತದೆ. ನೋಡಿದ್ದೀರಲ್ವಾ? ಒಂದು ದಿನ ಸುಮ್ನೆ ಕೂತು, ಬಿಸಿಲು ಯಾವ ತಾಸಿಗೆ ಎಲ್ಲಿರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಮರುದಿನ ಅಲ್ಲಿ ಹೋಗಿ ಕೂರಿ.

ನೇರ ಬಿಸಿಲು ಕಣ್ಣಿಗೆ ಹೊಡೆದರೆ ಬೆಕ್ಕಿನ ಪಾಪೆ ಕೂದಲೆಳೆಯಷ್ಟು ಸಣ್ಣಗಾಗುತ್ತದೆ, ಮುಖ ಸಿಟ್ಟಿನಲ್ಲಿರುವಂತೆ ಕಾಣುತ್ತದೆ. ಬೆಳಕು ಬೀಳುವ ಜಾಗದ ಅಂಚಿನಲ್ಲಿ ಅದು ಕೂತಾಗ ತೆಗೆಯಿರಿ. ನೆಲಕ್ಕೆ ಷಹಾಬಾದಿ ಫರ್ಸಿ ಇದ್ದರೆ ಇನ್ನೂ ಅನುಕೂಲ. ಅದರ ಬೂದುಬಣ್ಣ ಬೆಕ್ಕಿನ ಮುಖಕ್ಕೆ ಬೆಳಕನ್ನು ಹದವಾಗಿ ತಿರುಗಿಸುತ್ತದೆ. ಕ್ಯಾಮೆರಾ ಬೆಳಕನ್ನು ಅಳೆಯುವುದೂ ನಡುಮಟ್ಟದ ಬೂದುಬಣ್ಣದ ಲೆಕ್ಕದಲ್ಲೇ. ಆದ್ದರಿಂದ ಅಂಥ ನೆಲದ ಮೇಲೆ ಅದು ಅಷ್ಟಾಗಿ ತಪ್ಪುವುದಿಲ್ಲ.

ಸಿಮೆಂಟಿನ ಹೊಸ ಮನೆಯಾದರೆ ತೆರೆದ ಬಾಗಿಲಿನ ಒಳಗಡೆ ಎರಡು ಹೆಜ್ಜೆ ಒಳ್ಳೆಯ ಜಾಗ. ಬೆಳಗಾವಿಯವರಿಗೆ ಮಳೆಗಾಲವೇ ವರ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡದ ಮೆತ್ತನೆಯ ಬೆಳಕು ಇಡೀ ದಿನ ಕಿಟಕಿಯಲ್ಲಿ ಸಿಗುತ್ತದೆ, ಬೆಕ್ಕೂ ಹೊರಗೆ ಹೋಗದೆ ಕಿಟಕಿಯಲ್ಲೇ ಕೂತಿರುತ್ತದೆ.

ಫ್ಲ್ಯಾಶ್ ಹಾಕಬಹುದಾ?

ಬೇಡ. ಬೆಕ್ಕಿನ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಒಂದು ಪದರವಿದೆ. ಬಂದ ಬೆಳಕನ್ನು ಅದು ಮತ್ತೊಮ್ಮೆ ಕಣ್ಣಿನೊಳಕ್ಕೆ ತಿರುಗಿಸುತ್ತದೆ. ನಮಗೆ ಬೇಕಾದ ಬೆಳಕಿನ ಆರನೇ ಒಂದು ಭಾಗದಲ್ಲೇ ಬೆಕ್ಕು ನೋಡಬಲ್ಲದು ಎನ್ನುವುದಕ್ಕೆ ಇದೂ ಒಂದು ಕಾರಣ. ಫ್ಲ್ಯಾಶ್ ಹಾಕಿದಾಗ ಕಣ್ಣು ಹಸಿರಾಗಿ ಹೊಳೆಯುವುದೂ ಇದರಿಂದಲೇ. ಕತ್ತಲಲ್ಲಿ ಪಾಪೆ ಪೂರ್ತಿ ತೆರೆದಿರುವಾಗ ಅಷ್ಟು ಬೆಳಕು ಒಮ್ಮೆಲೇ ಎರಚಿದರೆ ಅದು ಬೆಚ್ಚಿಬೀಳುತ್ತದೆ. ಮತ್ತೆ ಕ್ಯಾಮೆರಾ ಕಂಡರೆ ಓಡುತ್ತದೆ. ಒಂದು ಫೋಟೋದ ಆಸೆಗೆ ಆರು ತಿಂಗಳ ನಂಬಿಕೆ ಹೋಗುತ್ತದೆ. ಬದಲಿಗೆ ಐಎಸ್‌ಒ, ಅಂದರೆ ಕಡಿಮೆ ಬೆಳಕಿನಲ್ಲೂ ಫೋಟೋ ಬೆಳಗಿಸುವ ಸೆಟ್ಟಿಂಗ್ ಅನ್ನು, 1600 ಅಥವಾ 3200ಕ್ಕೆ ಏರಿಸಿ. ಸ್ವಲ್ಪ ಕಾಳುಕಾಳಾಗಿ ಬಂದರೆ ಬರಲಿ.

ರಾತ್ರಿ ಎಲ್‌ಇಡಿ ಬಲ್ಬಿನಲ್ಲಿ ತೆಗೆದರೆ ಫೋಟೋ ಮೇಲೆ ಪಟ್ಟೆ ಪಟ್ಟೆ ಬರುತ್ತದೆ. ಯಾಕೆ?

ನಮ್ಮ ಮನೆಗಳ ಕರೆಂಟು 50 ಹರ್ಟ್ಸ್. ಕೆಲವು ಬಲ್ಬುಗಳು ಅದರ ಜೊತೆ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ, ಅಂದರೆ ಫೋಟೋಗೆ ಬೆಳಕು ಒಳಬಿಡುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಪಟ್ಟೆ ಹೋಗುತ್ತವೆ. ಆ ವೇಗಕ್ಕೆ ಆಟವಾಡುವ ಬೆಕ್ಕು ಮಸುಕಾಗುತ್ತದೆ, ಹಾಗಾಗಿ ಕೂತಿರುವಾಗ ಮಾತ್ರ.

ನಮ್ಮದು ಕರಿ ಬೆಕ್ಕು. ಫೋಟೋದಲ್ಲಿ ಎರಡು ಕಣ್ಣು ಬಿಟ್ಟರೆ ಏನೂ ಕಾಣುವುದಿಲ್ಲ.

ಕರಿ ಬೆಕ್ಕನ್ನು ಪಕ್ಕದಿಂದ ಬರುವ ಬೆಳಕಿನಲ್ಲಿ ತೆಗೆಯಬೇಕು. ಆಗ ಕೂದಲಿನ ಹೊಳಪು ಅಂಚಿನಲ್ಲಿ ಗೆರೆಯ ಹಾಗೆ ಮೂಡುತ್ತದೆ, ಮೈಯ ಆಕಾರ ತಿಳಿಯುತ್ತದೆ. ಬಿಳಿ ಗೋಡೆಯ ಮುಂದೆ ಕೂತಿದ್ದರೆ ಕ್ಯಾಮೆರಾ ಗೋಡೆಯನ್ನು ನೋಡಿ ಬೆಳಕು ತಗ್ಗಿಸುತ್ತದೆ, ಬೆಕ್ಕು ಇದ್ದಿಲಿನ ತುಂಡಾಗುತ್ತದೆ. ಆಗ ಬೆಳಕನ್ನು ಒಂದು ಹಂತ ಏರಿಸಿ. ಫೋನಿನಲ್ಲಾದರೆ ಬೆಕ್ಕನ್ನು ಒತ್ತಿದಾಗ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಚೌಕಟ್ಟಿನ ತುಂಬಾ ಬೆಕ್ಕೇ ಇದ್ದರೆ ಉಲ್ಟಾ. ಕ್ಯಾಮೆರಾ ಕಪ್ಪನ್ನು ಬೂದು ಮಾಡಲು ಹೊರಡುತ್ತದೆ, ಆಗ ಸ್ವಲ್ಪ ಇಳಿಸಿ. ಬಿಳಿ ಬೆಕ್ಕು ಚೌಕಟ್ಟು ತುಂಬಿದ್ದರೆ ಏರಿಸಿ.

ಕರಿ ಬೆಕ್ಕು ಅಡ್ಡ ಬಂದರೆ ಕೆಲಸ ಕೆಡುತ್ತದೆ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಅದರಿಂದ ಎಷ್ಟೋ ಕರಿ ಮರಿಗಳನ್ನು ಯಾರೂ ಸಾಕುವುದಿಲ್ಲ. ನನಗೆ ಇದು ತುಂಬಾ ನೋವಿನ ವಿಷಯ. ಅದಕ್ಕೇ ಕರಿ ಬೆಕ್ಕಿನ ಫೋಟೋಗೆ ನಾನು ಜಾಸ್ತಿ ಹೊತ್ತು ಕೊಡುತ್ತೇನೆ. ಬಿಸಿಲಿನಲ್ಲಿ ಅದರ ಮೈ ಎಷ್ಟೋ ಸಲ ಕಂದು ಕೆಂಪಾಗಿ ಹೊಳೆಯುತ್ತದೆ. ಆ ಬಣ್ಣವನ್ನು ನೋಡಿದ ಮೇಲೂ ಅಪಶಕುನ ಅನ್ನುವವರನ್ನು ನಾನು ಇನ್ನೂ ಕಂಡಿಲ್ಲ.

ಜಿಗಿಯುವಾಗ, ಆಡುವಾಗ ಫೋಟೋ ಹೇಗೆ ತೆಗೆಯುವುದು?

ಕೂತ ಬೆಕ್ಕಿಗೆ ಶಟರ್ ವೇಗ 1/125 ಸಾಕು. ಆಟಕ್ಕೆ 1/500. ಜಿಗಿತಕ್ಕೆ 1/1000 ಬೇಕು, ಅಂದರೆ ಹಗಲಿನ ಒಳ್ಳೆಯ ಬೆಳಕು ಬೇಕು. ಫೋನಿನಲ್ಲಿ ಒಂದರ ಹಿಂದೊಂದು ತೆಗೆಯುವ ಬರ್ಸ್ಟ್ ಬಳಸಿ. ಹಿಂದಿನವರು ಎಷ್ಟು ಒದ್ದಾಡಿದ್ದರು ಗೊತ್ತಾ? ಬೆಕ್ಕು ಬೀಳುವಾಗ ಗಾಳಿಯಲ್ಲೇ ಹೊರಳಿ ಕಾಲ ಮೇಲೆ ನಿಲ್ಲುವುದು ಹೇಗೆ ಎಂದು ತಿಳಿಯಲು ಫ್ರಾನ್ಸಿನ ಎಟಿಯೆನ್ ಜೂಲ್ ಮಾರೆ ಎಂಬ ವಿಜ್ಞಾನಿ 1894ರಲ್ಲಿ ಸರಣಿ ಫೋಟೋ ತೆಗೆದ. ಅದಕ್ಕಾಗಿ ಬೆಕ್ಕನ್ನು ತಲೆಕೆಳಗೆ ಹಿಡಿದು ಬೀಳಿಸಬೇಕಾಯಿತು. ದಯವಿಟ್ಟು ನೀವು ಅದನ್ನು ಮಾಡಬೇಡಿ. ಅದು ತಾನಾಗಿ ಕಟ್ಟೆಯಿಂದ ಅಂಗಳಕ್ಕೆ ದಿನಾ ಹತ್ತು ಸಲ ಜಿಗಿಯುತ್ತದೆ.

ಆಟಕ್ಕೆ ಜೋಳದ ದಂಟಿನ ತುದಿ ಸಾಕು. ಬಣ್ಣದ ಬಗ್ಗೆ ಚಿಂತೆ ಬೇಡ, ಬೆಕ್ಕಿಗೆ ಕೆಂಪು ಚೆನ್ನಾಗಿ ಕಾಣುವುದಿಲ್ಲ. ಅದನ್ನು ಸೆಳೆಯುವುದು ಚಲನೆ. ಲೇಸರ್ ದೀಪ ಬೇಡ. ಕಣ್ಣಿಗೆ ಅಪಾಯ. ಎಷ್ಟು ಬೆನ್ನಟ್ಟಿದರೂ ಕೈಗೆ ಏನೂ ಸಿಗದೆ ಬೆಕ್ಕು ಕಂಗೆಡುತ್ತದೆ. ಆಟದ ಕೊನೆಗೆ ದಂಟನ್ನು ಅದಕ್ಕೇ ಬಿಟ್ಟುಕೊಡಿ.

ಇಳಕಲ್ ಸೀರೆ, ಗುಳೇದಗುಡ್ಡದ ಖಣ ಹಿನ್ನೆಲೆಗೆ ಹಾಕಬಹುದಾ?

ಹಾಕಬಹುದು, ಬಹಳ ಚಂದ ಬರುತ್ತದೆ. ಬೂದು ಬೆಕ್ಕಿಗೆ ಇಳಕಲ್ ಸೀರೆಯ ಕೆಂಪು ಸೆರಗು, ಕೆಂಚು ಬೆಕ್ಕಿಗೆ ನೀಲಿ ಅಥವಾ ಹಸಿರು ಖಣ. ಸೀರೆಯನ್ನು ಬೆಕ್ಕಿಗೆ ಹೊದಿಸುವುದಲ್ಲ. ಅದು ಕೂರುವ ಜಾಗದಲ್ಲಿ ಎರಡು ದಿನ ಮುಂಚೆಯೇ ಹಾಸಿಬಿಡಿ. ಉಟ್ಟು ಬಿಟ್ಟ ಹಳೆಯ ಸೀರೆಯಾದರೆ ಒಳ್ಳೆಯದು, ಮನೆಯವರ ವಾಸನೆ ಇರುತ್ತದೆ, ತಾನೇ ಬಂದು ಮಲಗುತ್ತದೆ.

ಆದರೆ ದಾರದ ವಿಷಯದಲ್ಲಿ ತುಂಬಾ ಎಚ್ಚರ. ಇದನ್ನು ನನ್ನ ತಪ್ಪಿನಿಂದ ಕಲಿತೆ. ಗುಳೇದಗುಡ್ಡದ ಒಂದು ನೇಕಾರರ ಮನೆಯಲ್ಲಿ ಕುಣಿಮಗ್ಗದ ಪಕ್ಕ ಬೆಕ್ಕು ಮಲಗುತ್ತಿತ್ತು. ಫೋಟೋ ಚಂದ ಬರಲಿ ಎಂದು ರೇಷ್ಮೆ ದಾರದ ಒಂದು ತುಣುಕನ್ನು ಅದರ ಮುಂದೆ ಆಡಿಸಿದೆ. ಫೋಟೋ ಚಂದವೇ ಬಂತು. ನಾನು ಕ್ಯಾಮೆರಾ ನೋಡುತ್ತಿದ್ದಾಗ ಅದು ದಾರವನ್ನು ನುಂಗಿತ್ತು. ಎರಡು ದಿನ ಬಿಟ್ಟು ಅವರ ಫೋನ್ ಬಂತು. ಬೆಕ್ಕು ಏನೂ ತಿನ್ನುತ್ತಿಲ್ಲ, ಪದೇ ಪದೇ ವಾಂತಿ. ಆಪರೇಷನ್ ಮಾಡಿಸಬೇಕಾಯಿತು. ದೇವರ ದಯೆ, ಉಳಿಯಿತು. ಆ ಮನೆಯ ಅಜ್ಜಿ ನನಗೆ ಒಂದೂ ಮಾತು ಅನ್ನಲಿಲ್ಲ. ನಾನು ಮಾತ್ರ ಆ ಫೋಟೋವನ್ನು ಇಟ್ಟುಕೊಳ್ಳಲಿಲ್ಲ.

ಬೆಕ್ಕಿನ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿವೆ. ದಾರ ಬಾಯಿಗೆ ಸಿಕ್ಕರೆ ಉಗುಳುವುದು ಅದಕ್ಕೆ ಕಷ್ಟ, ಒಳಕ್ಕೇ ಹೋಗುತ್ತದೆ. ದಾರದ ಒಂದು ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಕರುಳು ನೆರಿಗೆಯಾಗಿ ಕೊಯ್ದುಹೋಗುತ್ತದೆ. ಬಾಯಿಯಿಂದಾಗಲಿ ಹಿಂದಿನಿಂದಾಗಲಿ ದಾರ ನೇತಾಡುತ್ತಿದ್ದರೆ ನೀವು ಎಳೆಯಬೇಡಿ. ತಕ್ಷಣ ಪಶುವೈದ್ಯರ ಹತ್ತಿರ ಒಯ್ಯಿರಿ. ಮಗ್ಗದ ಮನೆಯವರು, ಹೊಲಿಗೆ ಮಾಡುವವರು, ಮಲ್ಲಿಗೆ ಮಾಲೆ ಕಟ್ಟುವವರು ಇದನ್ನು ಮರೆಯಬಾರದು.

ತಿನ್ನಲು ಕೊಟ್ಟು ಆಸೆ ಹಚ್ಚಬಹುದಾ?

ಸ್ವಲ್ಪ ಕೊಡಬಹುದು. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ ಅಥವಾ ತತ್ತಿಯ ಚೂರು. ಸಸ್ಯಾಹಾರಿ ಮನೆಗಳಲ್ಲಿ ಬೆರಳ ತುದಿಯಷ್ಟು ಬೆಣ್ಣೆ. ಬೆಳಗಾವಿಯ ಕುಂದಾ ಇಟ್ಟು ನೋಡಿದವರೂ ಇದ್ದಾರೆ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಮೂಸಿದರೂ ಅದು ಹಾಲಿನ ಕೊಬ್ಬಿನ ವಾಸನೆಗೆ. ಬಟ್ಟಲು ತುಂಬಾ ಹಾಲು ಬೇಡ, ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಜೀರ್ಣವಾಗದೆ ಹೊಟ್ಟೆ ಕೆಡುತ್ತದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ತಗುಲಿದ ಯಾವುದನ್ನೂ ಕೊಡಬೇಡಿ, ಅದು ಬೆಕ್ಕಿಗೆ ವಿಷ. ಹಸಿವಿನಲ್ಲಿಟ್ಟು ಫೋಟೋ ತೆಗೆಯುವುದನ್ನಂತೂ ನಾನು ಒಪ್ಪುವುದಿಲ್ಲ.

ಟೋಪಿ, ಕುಂಚಿಗೆ, ಪೇಟ ತೊಡಿಸಿ ತೆಗೆಯಬಹುದಾ?

ಬೇಡ. ಬಟ್ಟೆ ಕಿವಿಯನ್ನೂ ಮೀಸೆಯನ್ನೂ ಮುಚ್ಚುತ್ತದೆ, ಬೆಕ್ಕು ಜಗತ್ತನ್ನು ತಿಳಿಯುವುದೇ ಅವುಗಳಿಂದ. ಎಷ್ಟೋ ಬೆಕ್ಕುಗಳು ಬಟ್ಟೆ ತೊಡಿಸಿದ ಕೂಡಲೇ ಮರಗಟ್ಟಿದಂತೆ ಕೂತುಬಿಡುತ್ತವೆ. ಜನ ಅದನ್ನು ಒಪ್ಪಿಗೆ ಎಂದು ತಿಳಿಯುತ್ತಾರೆ. ಅದು ಒಪ್ಪಿಗೆ ಅಲ್ಲ.

ಗೋಲಗುಮ್ಮಟದ ಮುಂದೆ ನಮ್ಮ ಬೆಕ್ಕನ್ನು ಕೂರಿಸಿ ಫೋಟೋ ಬೇಕು. ಮಾಡಿಕೊಡುತ್ತೀರಾ?

ಈ ಪ್ರಶ್ನೆ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಬೆಕ್ಕಿಗೆ ತನ್ನ ಓಣಿಯೇ ಲೋಕ. ಅಲ್ಲಿಂದ ಎತ್ತಿ ಆಟೋದಲ್ಲಿ ಕೂರಿಸಿ, ಗದ್ದಲದ ಜಾಗದಲ್ಲಿ ಇಳಿಸಿದರೆ ಅದು ತಪ್ಪಿಸಿಕೊಂಡು ಓಡುತ್ತದೆ. ಹಾಗೆ ಕಳೆದುಹೋದ ಬೆಕ್ಕು ಮರಳಿ ಸಿಗುವುದು ಕಷ್ಟ.

ಆದರೆ ದಾರಿ ಇದೆ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟ ಹೊರಗಿನಿಂದ 44 ಮೀಟರ್ ಅಗಲ. ಊರಿನ ಎಷ್ಟೋ ಮಾಳಿಗೆಗಳಿಂದ ಅದು ಕಾಣುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ನಿಮ್ಮ ಬೆಕ್ಕು ಮಾಳಿಗೆಯ ಕಟ್ಟೆಯ ಮೇಲೆ ಬಂದು ಕೂರುತ್ತದಾ? ಹಾಗಾದರೆ ನೀವು ಮಾಳಿಗೆಯ ಇನ್ನೊಂದು ತುದಿಗೆ ಹೋಗಿ, ಕೆಳಗೆ ಕೂತು, ಪೂರ್ತಿ ಜೂಮ್ ಹಾಕಿ. ದೂರದ ಗುಮ್ಮಟ ಹತ್ತಿರ ಬಂದು ಬೆಕ್ಕಿನ ಬೆನ್ನ ಹಿಂದೆ ನಿಲ್ಲುತ್ತದೆ. ಬೆಕ್ಕಿನ ದುಂಡು ಬೆನ್ನು, ಗುಮ್ಮಟದ ದುಂಡು. ಇಂಥ ಒಂದು ಫೋಟೋಗೆ ನಾನು ಎರಡು ಚಳಿಗಾಲ ಕಾದಿದ್ದೇನೆ. ಬೆಕ್ಕು ಮನೆ ಬಿಟ್ಟು ಹೋಗಲಿಲ್ಲ.

ಮನೆಯಲ್ಲಿ ಬೆಕ್ಕು ಮರಿ ಹಾಕಿದೆ. ಈಗಲೇ ಫೋಟೋ ತೆಗೆಯಲಾ?

ಸ್ವಲ್ಪ ತಡೆಯಿರಿ. ಬೆಕ್ಕು ಮರಿಗಳಿಗೆ ಏಳು ಮನೆ ತೋರಿಸುತ್ತದೆ ಎಂದು ಹಿರಿಯರು ಹೇಳುತ್ತಾರಲ್ಲ, ಅದರಲ್ಲಿ ಸತ್ಯವಿದೆ. ಗೂಡಿನ ಹತ್ತಿರ ಜನ ಓಡಾಡಿದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆ ಸಾಗಿಸುತ್ತದೆ. ಆ ಹೊಸ ಜಾಗ ಮೊದಲಿನದಕ್ಕಿಂತ ಸುರಕ್ಷಿತ ಎಂದು ಹೇಳಲಾಗದು. ಕೆಲವು ಮನೆಗಳಲ್ಲಿ ಅಜ್ಜಿಯರು ದೃಷ್ಟಿ ತಾಗುತ್ತದೆ ಎಂದು ಎಳೆ ಮರಿಗಳ ಫೋಟೋ ಬೇಡ ಅನ್ನುತ್ತಾರೆ. ನಾನು ಎಂದೂ ವಾದಕ್ಕೆ ಇಳಿದಿಲ್ಲ. ಮರಿಗಳಿಗೆ ಅದರಿಂದ ಒಳ್ಳೆಯದೇ ಆಗುತ್ತದೆ.

ಮರಿಗಳು ಕಣ್ಣು ತೆರೆಯುವುದು 7ರಿಂದ 10 ದಿನಕ್ಕೆ. ಆಗ ಎಲ್ಲದರ ಕಣ್ಣೂ ನೀಲಿ. ನಿಜವಾದ ಬಣ್ಣ ಬರಲು ಶುರುವಾಗುವುದು ಆರು ವಾರದ ನಂತರ. ನಾಲ್ಕರಿಂದ ಎಂಟು ವಾರದ ನಡುವೆ ನೀಲಿ ಕಣ್ಣೂ ಇರುತ್ತದೆ, ತುಂಟಾಟವೂ ಇರುತ್ತದೆ. ತಾಯಿ ನಿಮ್ಮ ಪಕ್ಕದಲ್ಲಿ ನೆಮ್ಮದಿಯಾಗಿ ಮಲಗಿದ್ದಾಗ ತೆಗೆಯಿರಿ.

ಬೇಸಿಗೆಯಲ್ಲಿ?

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಗಿನ ಏಳರೊಳಗೆ, ಇಲ್ಲವೇ ಸಂಜೆ ಆರರ ನಂತರ ತೆಗೆಯಿರಿ. ಬೆಕ್ಕು ಸಹಜವಾಗಿ ಓಡಾಡುವ ಹೊತ್ತೂ ಅದೇ. ಮಧ್ಯಾಹ್ನ ಅದು ತಣ್ಣನೆಯ ಫರ್ಸಿಯ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ, ಎಬ್ಬಿಸಬೇಡಿ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ನಗುತ್ತಿದೆ ಎಂದುಕೊಂಡು ಫೋಟೋ ತೆಗೆಯುವವರಿದ್ದಾರೆ. ಅದು ಬಿಸಿಲಿನ ಝಳ ತಡೆಯಲಾರದ ಗುರುತು. ನೆರಳಿಗೆ ತನ್ನಿ, ನೀರು ಇಡಿ, ಕಿವಿ ಪಾದಗಳಿಗೆ ಒದ್ದೆ ಬಟ್ಟೆ ಒತ್ತಿ, ಡಾಕ್ಟರಿಗೆ ಫೋನ್ ಮಾಡಿ.

ದೀಪಾವಳಿ ದಿನ ದೀಪದ ಮುಂದೆ?

ಪಟಾಕಿ ಸದ್ದು ಇರುವ ತನಕ ಬೇಡ. ಆ ರಾತ್ರಿ ಒಳಕೋಣೆಯಲ್ಲಿ ಅಡಗಲು ಒಂದು ಜಾಗ ಮಾಡಿಕೊಡಿ.

ಅಂಗಡಿಯ ಬೆಕ್ಕು, ಓಣಿಯ ಬೆಕ್ಕಿನ ಫೋಟೋ ತೆಗೆಯಬಹುದಾ?

ಅಡತಿ ಅಂಗಡಿಗಳಲ್ಲಿ ಜೋಳದ ಚೀಲದ ಮೇಲೆ ಮಲಗಿದ ಬೆಕ್ಕುಗಳು ನನಗೆ ಬಹಳ ಇಷ್ಟ. ಮೊದಲು ಅಂಗಡಿಯವರನ್ನು ಕೇಳಿ. "ಅಣ್ಣಾರ, ನಿಮ್ಮ ಬೆಕ್ಕಿಂದು ಒಂದ್ ಫೋಟೋ ತಗೀಲ್ರಿ?" ಅಂದರೆ ಬೇಡ ಅನ್ನುವವರು ಕಡಿಮೆ. ಕೇಳಿದ್ದರಿಂದ ಬೆಕ್ಕಿನ ಹೆಸರು, ವಯಸ್ಸು, ಯಾವ ಮಳೆಗಾಲದಲ್ಲಿ ಎಲ್ಲಿಂದ ಬಂತು ಎಲ್ಲವೂ ತಿಳಿಯುತ್ತದೆ. ತೆಗೆದ ಫೋಟೋದ ಒಂದು ಪ್ರತಿ ಅವರಿಗೆ ಕೊಡಿ. ಓಣಿಯ ಬೆಕ್ಕಾದರೆ ಮೂರು ಮಾರು ದೂರ ಕೂತು, ಅದು ಎಷ್ಟು ಹತ್ತಿರ ಬರುತ್ತದೋ ಅಷ್ಟು ಸಾಕು ಅಂದುಕೊಳ್ಳಿ.

ನಮ್ಮ ಬೆಕ್ಕಿಗೆ ವಯಸ್ಸಾಗಿದೆ. ಈಗ ಫೋಟೋ ತೆಗೆದರೆ ಚೆನ್ನಾಗಿರುತ್ತಾ?

ಇವತ್ತೇ ತೆಗೆಯಿರಿ. ಬೆನ್ನೆಲುಬು ಎದ್ದು ಕಾಣುತ್ತದೆ, ಕೂದಲು ಮಂಕಾಗಿದೆ ಎಂದು ಹಿಂಜರಿಯಬೇಡಿ. ಅಮೆರಿಕದ ವಾಲ್ಟರ್ ಚಾಂಡೋಹ 1949ರಲ್ಲಿ ನ್ಯೂಯಾರ್ಕಿನ ಹಿಮದಲ್ಲಿ ಸಿಕ್ಕ ಒಂದು ಮರಿಯನ್ನು ಮನೆಗೆ ತಂದು, ಅಲ್ಲಿಂದ 2019ರಲ್ಲಿ ತೀರಿಕೊಳ್ಳುವ ತನಕ ಬೆಕ್ಕುಗಳನ್ನೇ ಕೆಲಸ ಮಾಡಿಕೊಂಡು ಸುಮಾರು 90 ಸಾವಿರ ಫೋಟೋ ತೆಗೆದರು. ಅಷ್ಟೊಂದು ಫೋಟೋ ನಮಗೆ ಬೇಕಿಲ್ಲ. ನಿಮ್ಮ ಬೆಕ್ಕು ದಿನಾ ಮಲಗುವ ಆ ಒಂದು ಜಾಗದಲ್ಲಿ ಮಲಗಿದ ಒಂದು ಫೋಟೋ ಬೇಕು. ಮುದಿ ಬೆಕ್ಕು ಜಾಸ್ತಿ ನಿದ್ದೆ ಮಾಡುತ್ತದೆ, ಕೀಲು ನೋವಿರುತ್ತದೆ. ಎತ್ತಬೇಡಿ, ಹೊರಳಿಸಬೇಡಿ. ಪಕ್ಕದಲ್ಲಿ ಮಲಗಿ. ಪಾದ, ಮೀಸೆ, ಹರಿದ ಕಿವಿಯ ಅಂಚು ಇವನ್ನು ಬೇರೆ ಬೇರೆಯಾಗಿ ತೆಗೆಯಿರಿ.

ಬೆಲ್ಲವ್ವ ಹದಿಮೂರು ವರ್ಷ ಇದ್ದಳು. ಕೊನೆಯ ಚಳಿಗಾಲದಲ್ಲಿ ಬೆಳಕಿಂಡಿಯ ಬಿಸಿಲು ಸರಿದರೂ ಅವಳು ಸರಿಯುತ್ತಿರಲಿಲ್ಲ. ನಾನು ಹಾಸಿದ ಗೋಣಿಚೀಲವನ್ನೇ ಮೆಲ್ಲಗೆ ಬಿಸಿಲಿನ ಕಡೆ ಎಳೆಯುತ್ತಿದ್ದೆ. ಒಂದು ದಿನ ಎಳೆಯುವ ಮುಂಚೆ ಒಂದು ಫೋಟೋ ತೆಗೆದೆ. ಅರ್ಧ ಮೈ ನೆರಳಿನಲ್ಲಿದೆ, ಮುಂಗಾಲು ಎರಡು ಬಿಸಿಲಿನಲ್ಲಿವೆ, ಕಣ್ಣು ಅರ್ಧ ಮುಚ್ಚಿದೆ. ಅದು ನಮ್ಮ ಪಡಸಾಲೆಯ ಗೋಡೆಯ ಮೇಲಿದೆ.